ಕೊಂಗ್ವಾದಿಂದ ಬಂದವಳ ಕೃತಜ್ಞತೆ

ಕ್ರೈಸ್ತ ಸನ್ಯಾಸಿನಿಯಾಗಿ ಅಂತಿಮ ವ್ರತ ಸ್ವೀಕರಿಸಿದ ನಂತರ ದಾವಣಗೆರೆಯ ನಮ್ಮ ಧರ್ಮಕೇಂದ್ರದಲ್ಲಿ ನಡೆದ ಕೃತಜ್ಞತಾ ಬಲಿಪೂಜೆಯ (ಚರ್ಚಿನ ಮಾಸ್ ಪ್ರಾರ್ಥನೆಯ) ಕೊನೆಗೆ, ನಾಲ್ಕು ಮಾತು ಹೇಳಲು ನನಗೆ ಐದು ನಿಮಿಷ ಕೊಟ್ಟಿದ್ದರು. ಮೈಕಿನ ಮುಂದೆ ನಿಂತೊಡನೆ ಗಂಟಲು ಕಟ್ಟಿತು. ಬರೆದುಕೊಂಡು ಹೋಗಿದ್ದ ಚೀಟಿಯಲ್ಲಿ ಅರ್ಧವನ್ನೂ ಓದಲಾಗಲಿಲ್ಲ. ಓದಿದ ಅರ್ಧದಲ್ಲಿಯೂ ನಡುನಡುವೆ ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆ ನುಸುಳಿ ಮುಂದಿನ ಸಾಲಿನ ಮಕ್ಕಳು ಕಿಸಕ್ಕೆಂದರು. ಅಂದು ಹೇಳದೆ ಉಳಿದದ್ದನ್ನು, ಅಂದು ಅಲ್ಲಿರದಿದ್ದವರಿಗೂ ತಲುಪಲೆಂದು, ಇಲ್ಲಿ ಬರೆಯುತ್ತಿದ್ದೇನೆ.

2022ರ ಜನವರಿಯಿಂದ 2025ರ ಫೆಬ್ರವರಿಯವರೆಗೆ ನಾನಿದ್ದದ್ದು ಟಾಂಜಾನಿಯಾದ ಡೊಡೊಮಾ ಪ್ರಾಂತದಲ್ಲಿ, ಕೊಂಗ್ವಾ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಉಷ್ಣವಲಯದ ದೇಶವೆಂದರೆ ದಟ್ಟ ಕಾಡು, ಬಿಡದೆ ಸುರಿಯುವ ಮಳೆ ಎಂದುಕೊಂಡು ರೇನ್‌ಕೋಟು, ಗಮ್‌ಬೂಟು ತುಂಬಿಕೊಂಡು ಹೋದವಳಿಗೆ ಎದುರಾದದ್ದು ಕೆಂಪು ಮಣ್ಣು, ಕುರುಚಲು ಗಿಡ, ಒಂದರ ಮೇಲೊಂದು ಕೂತ ಬೋಳು ಬಂಡೆಗಳು. ಬಸ್ಸಿನ ಕಿಟಕಿಯಿಂದ ಮೊದಲ ಸಲ ನೋಡಿದಾಗ ಚಿತ್ರದುರ್ಗದ ಕೋಟೆಯ ಹಿಂಬದಿಗೇ ಬಂದಿಳಿದೆನೇನೋ ಅನಿಸಿತು. ಅಲ್ಲಿ ಮಳೆ ಬರುವುದು ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಾತ್ರ. ಮಿಕ್ಕ ತಿಂಗಳು ಗಾಳಿ, ಧೂಳು. ರೇನ್‌ಕೋಟನ್ನು ಮೂರು ವರ್ಷದಲ್ಲಿ ಎಷ್ಟು ಸಲ ತೊಟ್ಟೆನೋ ಬೆರಳಲ್ಲೇ ಎಣಿಸಬಹುದು.

ನಾನು ನರ್ಸಿಂಗ್ ಓದಿದವಳಾದ್ದರಿಂದ ಕೆಲಸ ಊರಿನ ಚಿಕಿತ್ಸಾಲಯದಲ್ಲಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಸೊಳ್ಳೆಪರದೆ ಸುತ್ತಿಟ್ಟು, ಪ್ರಾರ್ಥನೆ ಮುಗಿಸಿ, ಹಿಂದಿನ ರಾತ್ರಿ ಕುದಿಸಿಟ್ಟ ನೀರನ್ನು ಸೋಸಿ ಬಾಟಲಿಗಳಿಗೆ ತುಂಬಿ, ಏಳರೊಳಗೆ ಚಿಕಿತ್ಸಾಲಯದ ಬಾಗಿಲು ತೆರೆಯಬೇಕು. ನಂತರ ಗಾಯಗಳಿಗೆ ಪಟ್ಟಿ, ಬಸುರಿಯರ ತಪಾಸಣೆ, ಜ್ವರದವರ ಬೆರಳು ಚುಚ್ಚಿ ಮಲೇರಿಯಾ ಪರೀಕ್ಷೆ. ಗುರುವಾರ ಮಾತ್ರ ಚಿಕಿತ್ಸಾಲಯವೇ ಹೊರಗೆ ಬರುತ್ತಿತ್ತು: ದೊಡ್ಡ ಮರವೊಂದರ ಕೊಂಬೆಗೆ ತಕ್ಕಡಿ ತೂಗುಹಾಕಿ, ಅದಕ್ಕೆ ಬಟ್ಟೆಯ ಚಡ್ಡಿಯಂಥ ಚೀಲ ಸಿಕ್ಕಿಸಿ, ಅದರೊಳಗೆ ಮಗುವಿನ ಎರಡೂ ಕಾಲು ಇಳಿಬಿಟ್ಟು ತೂಕ ನೋಡುವುದು. ಮಗು ಚೀರುತ್ತದೆ, ಮುಳ್ಳು ಕುಣಿಯುತ್ತದೆ, ಸುತ್ತ ನಿಂತ ತಾಯಂದಿರು ನಗುತ್ತಾರೆ. ಬಾವೊಬಾಬ್ ಎಂಬ ಆ ಮರ ಸವಣೂರಿನ ಮಠದಲ್ಲಿ ನಾವು ದೊಡ್ಡಹುಣಸೆ ಎಂದು ಕರೆದು ಕೈಮುಗಿಯುವ ಮರವೇ. ನಮ್ಮಲ್ಲಿ ಮೂರು ಮರವಿದ್ದರೆ ಯಾತ್ರೆ ಹೋಗುತ್ತೇವೆ. ಅಲ್ಲಿ ಹೊಲಕ್ಕೊಂದು, ದಾರಿಗೊಂದು.

ನನ್ನ ಮೊದಲ ವಂದನೆ ಆ ಮರದಡಿಯ ತಾಯಂದಿರಿಗೆ, ಅದರಲ್ಲೂ ನನ್ನ ಮೊದಲ ಲಸಿಕೆಯ ದಿನ ಬಂದ ತಾಯಂದಿರಿಗೆ. ಹೋಗಿ ಎರಡು ತಿಂಗಳೂ ಆಗಿರಲಿಲ್ಲ. ಸ್ವಾಹಿಲಿಯಲ್ಲಿ ಒಂದರಿಂದ ನೂರರವರೆಗೆ ಎಣಿಸಲು ಕಲಿತಿದ್ದೆ, ಅದರ ಹೆಮ್ಮೆಯೂ ಇತ್ತು. ಭಾನುವಾರ ಬಲಿಪೂಜೆಯಾದ ಮೇಲೆ ಎದ್ದುನಿಂತು, ಗುರುವಾರ 'ಸಾ ನಾನೆ'ಗೆ ಮಕ್ಕಳನ್ನು ಕರೆತನ್ನಿ ಎಂದು ನಾನೇ ಪ್ರಕಟಿಸಿದೆ. ನಾನೆ ಎಂದರೆ ಎಂಟು. ಗುರುವಾರ ಎಂಟಕ್ಕೆ ಲಸಿಕೆಯ ಪೆಟ್ಟಿಗೆ ಇಟ್ಟುಕೊಂಡು ಕುಳಿತರೆ ಒಂದು ನರಪಿಳ್ಳೆಯೂ ಇಲ್ಲ. ಒಂಬತ್ತಾಯಿತು, ಹನ್ನೊಂದಾಯಿತು, ಪೆಟ್ಟಿಗೆಯ ಮಂಜುಗಡ್ಡೆ ಕರಗುತ್ತಿದೆ, ನನ್ನ ತಾಳ್ಮೆಯೂ. ಈ ಜನಕ್ಕೆ ಸಮಯದ ಬೆಲೆ ಗೊತ್ತಿಲ್ಲ ಎಂದು ನಾನು ಕನ್ನಡದಲ್ಲಿ ಗೊಣಗಿದ್ದನ್ನು ಇಲ್ಲಿ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ, ಒಬ್ಬರೂ ತಪ್ಪದೆ, ಬಣ್ಣಬಣ್ಣದ ಕಾಂಗಾ ಬಟ್ಟೆಯಲ್ಲಿ ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಅವರೆಲ್ಲ ಬಂದರು. ಸ್ವಾಹಿಲಿಯವರ ಗಡಿಯಾರ ಸೂರ್ಯ ಹುಟ್ಟುವುದರಿಂದ ಶುರುವಾಗುತ್ತದೆ. ನಮ್ಮ ಏಳು ಗಂಟೆ ಅವರಿಗೆ ಒಂದು. ನಮ್ಮ ಎರಡು ಅವರಿಗೆ ಎಂಟು. ತಪ್ಪಿದವಳು ನಾನು, ಸಮಯಕ್ಕೆ ಬಂದವರು ಅವರು. ಗುಂಪಿನಲ್ಲಿದ್ದ ವಯಸ್ಸಾದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಿಸಿ, ಹೊತ್ತು ಎಣಿಸುವುದನ್ನು ಹೇಳಿಕೊಟ್ಟರು. ಚಳ್ಳಕೆರೆ ಸೀಮೆಯ ನಮ್ಮಜ್ಜಿ 'ಹೊತ್ತು ಹುಟ್ಟಿ ಎರಡು ತಾಸಾತು' ಎನ್ನುತ್ತಿದ್ದದ್ದು ಆಗ ನೆನಪಾಯಿತು. ಅಜ್ಜಿಯ ಮಾತನ್ನು ಮರೆಯದೆ ಇದ್ದಿದ್ದರೆ ಆರು ತಾಸು ಕಾಯುವ ಪಾಡು ತಪ್ಪುತ್ತಿತ್ತು.

ಭಾಷೆಯ ವಿಷಯದಲ್ಲಿ ದಾವಣಗೆರೆಯಲ್ಲಿಯೇ ತೀರಿಸಬೇಕಾದ ಒಂದು ಋಣವಿದೆ. ನಮ್ಮ ಓಣಿಯ ಎದುರು ಮನೆಯ ಚಾಚಿ ಬಾಲ್ಯದಲ್ಲಿ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಆಡಿದ ಉರ್ದು, ಇಪ್ಪತ್ತು ವರ್ಷಗಳ ನಂತರ ಸಮುದ್ರದಾಚೆ ನನ್ನ ಕೈಹಿಡಿಯಿತು. ಕಿತಾಬು, ಹೆಸಾಬು, ದುನಿಯಾ, ಹಬಾರಿ, ವಕಾತಿ, ರಂಗಿ, ಪೇಸಾ: ಸ್ವಾಹಿಲಿಯಲ್ಲಿ ಹೆಜ್ಜೆಗೊಂದು ಪರಿಚಿತ ಮುಖ. ಹಿರಿಯರು ಎದುರಾದರೆ ಹೇಳಲೇಬೇಕಾದ 'ಶಿಕಾಮೂ' ಎಂಬ ವಂದನೆಗೆ ನಿಮ್ಮ ಕಾಲು ಹಿಡಿಯುತ್ತೇನೆ ಎಂಬುದು ಮೂಲಾರ್ಥವಂತೆ. ಕಾಲು ಮುಗಿಯುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ಆದರೂ ತಪ್ಪುಗಳಿಗೆ ಲೆಕ್ಕವಿಲ್ಲ, ಅವನ್ನು ತಿದ್ದಿದ ಮಕ್ಕಳಿಗೂ ಲೆಕ್ಕವಿಲ್ಲ. 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಜರ್ಮನಿಯಿಂದ ಕರ್ನಾಟಕಕ್ಕೆ ಬಂದ ಕಿಟೆಲ್ ಅವರನ್ನು, 1894ರಲ್ಲಿ ಅಚ್ಚಾದ ಅವರ ದೊಡ್ಡ ನಿಘಂಟಿನಿಂದ ನಾವೆಲ್ಲ ಬಲ್ಲೆವು. ಅದಕ್ಕೂ ಮುಂಚೆ ಅವರು ಯಾರ ಜಗಲಿಯ ಮೇಲೆ ಕುಳಿತು ತಪ್ಪು ಕನ್ನಡ ಆಡಿದರು, ಯಾರು ನಕ್ಕು ತಿದ್ದಿದರು ಎಂಬುದನ್ನು ನಾನು ಈಗ ಹೆಚ್ಚು ಯೋಚಿಸುತ್ತೇನೆ. ಹಾಗೆ ತಿದ್ದಿದವರ ಹೆಸರು ನನಗೆ ಗೊತ್ತಿಲ್ಲ.

ನಮ್ಮ ಕಾನ್ವೆಂಟಿನ ಅಡುಗೆಮನೆಯ ಮಾಮಾ ಅವರ ಬಗ್ಗೆ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. (ಅಲ್ಲಿ ಮಾಮಾ ಎಂದರೆ ತಾಯಿ, ಸೋದರಮಾವನಲ್ಲ. ಫೋನಿನಲ್ಲಿ ಮಾಮಾ ಮಾಮಾ ಎಂದು ನಾನು ಹೊಗಳುವುದನ್ನು ಕೇಳಿ ನಮ್ಮಮ್ಮ ಯಾರೋ ಅಡುಗೆಯ ಗಂಡಸೆಂದು ಬಹಳ ದಿನ ತಿಳಿದಿದ್ದರು.) ಮೊದಲ ರಾತ್ರಿ ಅವರು ಸಜ್ಜೆ ಹಿಟ್ಟಿನ ಉಗಾಲಿ ತಂದಿಟ್ಟಾಗ ನಾನು ಮುದ್ದೆಯೆಂದೇ ಸಂಭ್ರಮಪಟ್ಟು ಒಂದು ತುತ್ತು ಮುರಿದು ಅಗಿಯದೆ ನುಂಗಿದೆ. ಅವರು ಗಾಬರಿಯಾಗಿ ನನ್ನ ಬೆನ್ನು ತಟ್ಟಿದರು. ಜೊತೆಗಿದ್ದದ್ದು ಮ್ಲೆಂಡಾ ಎಂಬ ಸೊಪ್ಪಿನ ಪಲ್ಯ, ಬೆಂಡೆಕಾಯಿಗಿಂತಲೂ ಹೆಚ್ಚು ಲೋಳೆ. ಅದನ್ನು ಇಷ್ಟಪಡಲು ನನಗೆ ಒಂದು ವರ್ಷ ಬೇಕಾಯಿತು. ಈಗ ಇಲ್ಲಿ ಸಿಗುವುದಿಲ್ಲವಲ್ಲ ಎಂದು ಕೊರಗುತ್ತೇನೆ. ಎರಡನೆಯ ಮಳೆಗಾಲದಲ್ಲಿ ನನಗೇ ಮಲೇರಿಯಾ ಬಂದು ಚಳಿಜ್ವರದಲ್ಲಿ ಹಾಸಿಗೆ ಹಿಡಿದಾಗ, ಮೂರು ದಿನ, ಆರು ಸಲ, ಸಲಕ್ಕೆ ನಾಲ್ಕು ಮಾತ್ರೆ ಎಂದು ಬೇರೆಯವರಿಗೆ ಪಾಠ ಹೇಳುತ್ತಿದ್ದ ನಾನು ಮೂರನೆಯ ಸಲಕ್ಕೇ ಸಾಕೆಂದು ಮುಖ ತಿರುಗಿಸಿದೆ. ಆ ಮಾತ್ರೆ ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಕೊಬ್ಬಿನಂಶ ಇರಬೇಕು. ಮಾಮಾ ಶೇಂಗಾ ಕುಟ್ಟಿ ಹಾಕಿ ಗಂಜಿ ಮಾಡಿ, ಚಮಚದಿಂದ ಕುಡಿಸಿ, ಮಾತ್ರೆ ನುಂಗಿಸಿ, ನಾಲಿಗೆ ಎತ್ತಿ ತೋರಿಸು ಎಂದು ಪರೀಕ್ಷೆ ಮಾಡಿಯೇ ಹೋಗುತ್ತಿದ್ದರು. ನರ್ಸಿಂಗ್ ಕಾಲೇಜಿನಲ್ಲಿ ಇದನ್ನು ನನಗೆ ಇಷ್ಟು ಚೆನ್ನಾಗಿ ಯಾರೂ ಕಲಿಸಿರಲಿಲ್ಲ.

ಶೇಂಗಾದ ಮಾತು ಬಂದಿದ್ದರಿಂದ ಒಂದು ಅಡ್ಡಮಾತು. 1947ರಲ್ಲಿ ಬ್ರಿಟಿಷರು ಇದೇ ಕೊಂಗ್ವಾದಲ್ಲಿ ಭಾರಿ ಪ್ರಮಾಣದಲ್ಲಿ ಶೇಂಗಾ ಬೆಳೆಯುವ ಯೋಜನೆ ಹಾಕಿ, ಟ್ರ್ಯಾಕ್ಟರುಗಳನ್ನು ತಂದು, ಕಾಡು ಕಡಿದು, ಕೋಟ್ಯಂತರ ಹಣ ಸುರಿದರು. ಬೇಸಿಗೆಗೆ ಆ ಮಣ್ಣು ಕಲ್ಲಿನಂತಾಯಿತು, ಮಳೆ ಕೈಕೊಟ್ಟಿತು, 1951ರಲ್ಲಿ ಎಲ್ಲ ಬಿಟ್ಟು ನಡೆದರು. ಮುಗಿಲು ನೋಡಿಕೊಂಡು ಶೇಂಗಾ ಬಿತ್ತುವ ಚಳ್ಳಕೆರೆಯ ಒಬ್ಬ ರೈತನನ್ನು ಕೇಳಿದ್ದರೂ ಸಾಕಿತ್ತು. ಹೊರಗಿನಿಂದ ಬಂದವರು ಕೇಳದೆಯೇ ಕೆಲಸ ಶುರುಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹಿರಿಯ ಸಿಸ್ಟರ್ ಹೊಸಬರಿಗೆಲ್ಲ ಹೇಳುತ್ತಿದ್ದ ಕತೆ ಅದು.

ನನಗೂ ಆ ಕತೆ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಭೇದಿಯಾದ ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರಿಗೆಲ್ಲ ನೀರು ಕುದಿಸಿ ಕುಡಿಸಬೇಕೆಂದು ಗದರುತ್ತಿದ್ದೆ. ಒಂದು ದಿನ ಒಬ್ಬಾಕೆ ಮರುಮಾತಾಡದೆ ನನ್ನನ್ನು ನೀರಿಗೆ ಕರೆದುಕೊಂಡು ಹೋದರು. ಒಣಗಿದ ಹೊಳೆಯ ಮರಳಿನಲ್ಲಿ ಎದೆಮಟ್ಟ ಗುಂಡಿ ತೋಡಿ, ಒಳಗಿಳಿದು ಕುಕ್ಕರುಗಾಲಲ್ಲಿ ಕೂತು, ತಳದಲ್ಲಿ ಜಿನುಗುವ ನೀರು ಕೂಡುವವರೆಗೆ ಕಾದು, ಸೋರೆಬುರುಡೆಯ ಚಿಪ್ಪಿನಲ್ಲಿ ಗೋರಿ ಹಳದಿ ಕ್ಯಾನಿಗೆ ಸುರಿಯುವುದು. ಒಂದು ಕ್ಯಾನ್ ತುಂಬಲು ನನಗೆ ಮುಕ್ಕಾಲು ತಾಸು ಹಿಡಿಯಿತು. ಅದನ್ನು ಕುದಿಸುವ ಸೌದೆಗೆ ಇನ್ನೊಂದು ದಿಕ್ಕಿಗೆ ಅಷ್ಟೇ ದೂರ ನಡೆಯಬೇಕು. ಅಂದಿನಿಂದ ನಾನು ಗದರಿಕೆ ಬಿಟ್ಟೆ. ತಿಳಿನೀರನ್ನು ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ತಗಡಿನ ಮಾಡಿನ ಮೇಲೆ ಆರು ತಾಸು ಸುಡುಬಿಸಿಲಿಗಿಟ್ಟರೆ ಬಹುತೇಕ ರೋಗಾಣುಗಳು ಸಾಯುತ್ತವೆ. ಬಿಸಿಲಿಗೆ ಅಲ್ಲಿ ಬರವಿಲ್ಲ, ಸೌದೆಯೂ ಬೇಡ. ಮೊದಲು ಹತ್ತು ಮನೆಯ ಮಾಡಿನ ಮೇಲೆ ಬಾಟಲಿಗಳು ಹೊಳೆದವು, ಆಮೇಲೆ ಎಣಿಸುವುದನ್ನು ನಾನೇ ಬಿಟ್ಟೆ.

ಆ ಒರತೆಯ ಹತ್ತಿರವೇ ಇನ್ನೊಂದು ಸಂಗತಿ ನಡೆಯಿತು. 2022ರ ಸೆಪ್ಟೆಂಬರ್, ಅಲ್ಲಿ ನೀರಿನ ಅತಿ ಕಷ್ಟದ ಕಾಲ. ದಂಡೆಯ ಬಂಡೆ ಹತ್ತಿದರೆ ಮಾತ್ರ ಫೋನಿಗೆ ಸಿಗ್ನಲ್ ಬರುತ್ತಿತ್ತು. ಹತ್ತಿದೊಡನೆ ನನ್ನ ತಮ್ಮ ಕಳಿಸಿದ ವಿಡಿಯೊ ಇಳಿಯಿತು: 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. ಜನ ಕುಣಿಯುತ್ತಿದ್ದಾರೆ, ಹೂವು ಎಸೆಯುತ್ತಿದ್ದಾರೆ, ವೇದಾವತಿ ಬಿಳಿನೊರೆಯಾಗಿ ಧುಮುಕುತ್ತಿದೆ. ಅದೇ ವೇದಾವತಿಯ ಮರಳಿನಲ್ಲಿ ನಮ್ಮಜ್ಜಿ ಒರತೆ ತೋಡಿದವರು. ಹೆಂಗಸರು ಬುರುಡೆ ಕೆಳಗಿಟ್ಟು ಒಬ್ಬೊಬ್ಬರಾಗಿ ಬಂಡೆ ಹತ್ತಿ ಬಂದು ಪುಟ್ಟ ಪರದೆಯಲ್ಲಿ ಆ ನೀರನ್ನು ನೋಡಿದರು. ಎಂಬತ್ತೊಂಬತ್ತು ವರ್ಷ ಕಾದರಂತೆ ಎಂದು ಹೇಳಿದೆ. ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಾಕೆ ಕೇಳಿದರು: 'ಇಷ್ಟು ವರ್ಷ ನೀವೂ ಮರಳನ್ನೇ ತೋಡಿದಿರಾ?' ಹೌದೆಂದೆ. ಅಂದಿನಿಂದ ಅವರು ನನ್ನನ್ನು ಸಿಸ್ಟರ್ ಎನ್ನುವುದನ್ನು ಬಿಟ್ಟು ದಾದಾ ಎಂದರು. ಸ್ವಾಹಿಲಿಯಲ್ಲಿ ದಾದಾ ಎಂದರೆ ಅಕ್ಕ.

ಊರಿಗೆ ಬಂದ ಮೇಲೆ ಕೆಲವರು, ಎಷ್ಟು ಜನರನ್ನು ಮತಕ್ಕೆ ಸೇರಿಸಿದಿರಿ ಎಂದು ನೇರವಾಗಿಯೇ ಕೇಳಿದರು. ಕೇಳಿದ್ದಕ್ಕೆ ಬೇಸರವಿಲ್ಲ, ಮನಸ್ಸಿನಲ್ಲೇ ಇಟ್ಟುಕೊಳ್ಳುವುದಕ್ಕಿಂತ ಅದು ಒಳ್ಳೆಯದು. ನಾನು ಹುಟ್ಟುವ ಎಷ್ಟೋ ಮೊದಲೇ ಆ ಹಳ್ಳಿಯಲ್ಲಿ ಕ್ರೈಸ್ತ ದೇವಾಲಯವಿತ್ತು. ನನಗಿಂತ ಹೆಚ್ಚು ಕೀರ್ತನೆಗಳು ಬಾಯಿಪಾಠವಿದ್ದ ಉಪದೇಶಿಯೊಬ್ಬರು ನನಗೇ ಪ್ರಾರ್ಥನೆ ಹೇಳಿಕೊಟ್ಟರು. ಮುಸ್ಲಿಮರ ಮಗುವಿನ ತೂಕವನ್ನೂ ಅದೇ ತಕ್ಕಡಿಯಲ್ಲಿ ನೋಡಿದೆ. ನನ್ನಿಂದಾದದ್ದು ಅಷ್ಟೆ.

ಇನ್ನು ಉಳಿದದ್ದು ನಮ್ಮ ಓಣಿಯವರ, ಆಟೊ ನಿಲ್ದಾಣದವರ ಋಣ. 2023ರ ಜುಲೈನಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆದಾಗ ನಾನು ಹೊರಟು ಬರುವ ಸ್ಥಿತಿಯಲ್ಲಿರಲಿಲ್ಲ. ಅವರನ್ನು ಅವರದೇ ಆಟೊದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದವರು ನಿಲ್ದಾಣದ ಅವರ ಗೆಳೆಯರು. ಅನಂತರ ನಾಲ್ಕು ತಿಂಗಳು ಸರದಿಯ ಮೇಲೆ ಆ ಆಟೊ ಓಡಿಸಿ, ಬಂದ ಬಾಡಿಗೆಯನ್ನು ಸಂಜೆ ಅಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದರು. ಪೆಟ್ರೋಲಿಗೆ ತಮ್ಮ ಕೈಯಿಂದ ಎಷ್ಟು ಹಾಕಿದರೆಂದು ನಾನು ಮೊನ್ನೆ ಕೇಳಿದರೆ ಮಾತು ಹಾರಿಸಿದರು. ಚಾಚಿ ರಾತ್ರಿ ಅಮ್ಮನ ಜೊತೆ ಮಲಗಲು ಬಂದರು. ಪಕ್ಕದ ಮನೆಯ ಅಜ್ಜ ದಿನವೂ ಪೂಜೆ ಮುಗಿಸಿ ಬಂದು ಅಪ್ಪನ ಎಡಗೈ ಬೆರಳುಗಳನ್ನು ತಿಕ್ಕಿ ವ್ಯಾಯಾಮ ಮಾಡಿಸಿದರು. ಅಪ್ಪನಿಗೆ ಮಾತು ಇನ್ನೂ ತೊದಲುತ್ತದೆ. ಟಾಂಜಾನಿಯಾದಲ್ಲಿ ಆಟೊಗೆ ಎಲ್ಲರೂ 'ಬಜಾಜಿ' ಎನ್ನುತ್ತಾರೆಂದು ಹೇಳಿದೆ. ಬಹಳ ಹೊತ್ತು ನಕ್ಕರು, ಆಮೇಲೆ ಬಾಯಿ ಹೊಂದಿಸಿಕೊಂಡು, ಅಲ್ಲಿ ಮಿನಿಮಮ್ ಬಾಡಿಗೆ ಎಷ್ಟು ಎಂದು ಕೇಳಿದರು.

ನಾನು ಜೂನ್ ತಿಂಗಳಲ್ಲಿ ಮತ್ತೆ ಅಲ್ಲಿಗೇ ಹೊರಡಬೇಕು. ಬರುವ ಭಾನುವಾರ ಸಂಜೆ ಆಟೊ ನಿಲ್ದಾಣದ ಎಲ್ಲರಿಗೂ ನಮ್ಮ ಮನೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇದೆ. ಕರೆಯುವುದು ಯಾರನ್ನಾದರೂ ಬಿಟ್ಟುಹೋಗಿದ್ದರೆ ಇದನ್ನೇ ಕರೆಯೆಂದು ತಿಳಿದು ಬರಬೇಕು. ಮಾಮಾ ಎರಡು ಕೆಜಿ ಶೇಂಗಾ ಚಟ್ನಿಪುಡಿ ತರಲು ಹೇಳಿ ಕಳಿಸಿದ್ದಾರೆ. ಅಮ್ಮ ಈಗಲೇ ಹುರಿಯಲು ಕೂತಿದ್ದಾರೆ, ಜೂನ್‌ವರೆಗೆ ಅದು ಉಳಿಯುವುದಿಲ್ಲ ಎಂದರೆ ಕೇಳುತ್ತಿಲ್ಲ.