ನಾಣ್ಯದ ಸದ್ದಿಲ್ಲದ ಕ್ಯಾಸಿನೊ

ಮಾನ್ಯ ಸಂಪಾದಕರೇ,

ಅಮೆರಿಕದ ನೆವಾಡಾ ರಾಜ್ಯವು 1931ರಲ್ಲಿ ಜೂಜನ್ನು ಕಾನೂನುಬದ್ಧಗೊಳಿಸಿದ ಮೇಲೆ ಲಾಸ್ ವೇಗಸ್‌ನಲ್ಲಿ ಬೆಳೆದ ಕ್ಯಾಸಿನೊಗಳ ಹಳೆಯ ಸೊಗಸನ್ನು ನೆನೆಯುವವರಲ್ಲಿ ನಾನೂ ಒಬ್ಬ. ಸ್ಲಾಟ್ ಎಂಬ ಜೂಜಿನ ಯಂತ್ರಕ್ಕೆ ನಾಣ್ಯ ಹಾಕಿ, ಪಕ್ಕದ ಹಿಡಿಕೆಯನ್ನು ಎಳೆದು, ಚಕ್ರಗಳು ಒಂದೊಂದಾಗಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾಯುವುದು, ಗೆದ್ದಾಗ ಲೋಹದ ತಟ್ಟೆಗೆ ನಾಣ್ಯಗಳು ಝಣಝಣನೆ ಸುರಿಯುವುದು, ಅವನ್ನು ಪ್ಲಾಸ್ಟಿಕ್ ಬಟ್ಟಲಿಗೆ ಬಾಚಿಕೊಳ್ಳುವಾಗ ಬೆರಳುಗಳು ಕಪ್ಪಾಗುವುದು, ಇವೆಲ್ಲವೂ ಆಟದ ಭಾಗವೇ ಆಗಿದ್ದವು. ಈಗ ನಾಣ್ಯದ ಜಾಗಕ್ಕೆ ಮುದ್ರಿತ ಚೀಟಿ ಬಂದಿದೆ. ಹಿಡಿಕೆಯ ಜಾಗಕ್ಕೆ ಗುಂಡಿ. ಜೂಜು ಅನೇಕ ಮನೆಗಳನ್ನು ಹಾಳುಮಾಡಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂದು ಬಟ್ಟಲು ಬರಿದಾಗುತ್ತಿರುವುದಾದರೂ ಕಣ್ಣಿಗೆ ಕಾಣುತ್ತಿತ್ತು. ಇಂದು ಮೊಬೈಲ್ ಪರದೆಯ ಮೇಲೆ ಅಂಕಿಗಳಷ್ಟೇ ಕರಗುತ್ತವೆ. ಉಳಿದಿರುವ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕದೆ, ಚಾಲನೆಯ ಸ್ಥಿತಿಯಲ್ಲಿಯೇ ವಸ್ತುಸಂಗ್ರಹಾಲಯಗಳಲ್ಲಿ ಕಾಪಾಡಬೇಕೆಂಬುದು ನನ್ನ ಕೋರಿಕೆ.

– ಒಬ್ಬ ಓದುಗ