ವಿಧೇಯಕದ ಜತೆ ಪರಿಣಾಮದ ಲೆಕ್ಕವೂ ಬರಲಿ

ಮಾನ್ಯರೇ,

ವಿಧಾನಸಭೆಯಲ್ಲಿ ಮಂಡನೆಯಾಗುವ ವಿಧೇಯಕಗಳ ಕೊನೆಯ ಪುಟಗಳನ್ನು ಓದುವವರು ಕಡಿಮೆ. ಅಲ್ಲಿ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ. ಬಹುಪಾಲು ಅದು ನಾಲ್ಕಾರು ಸಾಲಿನಲ್ಲಿ ವಿಷಯ ಹೇಳಿ ‘ಆದ್ದರಿಂದ ಈ ವಿಧೇಯಕ’ ಎಂದು ಮುಗಿದುಬಿಡುತ್ತದೆ. ಅದರ ಕೆಳಗೆ ಹಣಕಾಸಿನ ಟಿಪ್ಪಣಿ. ಹೆಚ್ಚುವರಿ ವೆಚ್ಚವಿಲ್ಲ ಎಂಬ ಒಂದೇ ಸಾಲು ಎಷ್ಟೋ ವಿಧೇಯಕಗಳಲ್ಲಿ ಕಾಣುತ್ತದೆ. ಬೊಕ್ಕಸಕ್ಕೆ ಹೊರೆ ಇಲ್ಲದಿರಬಹುದು. ಅಂಗಡಿಯವರಿಗೆ, ಕಾರ್ಮಿಕರಿಗೆ, ಜಾರಿ ಮಾಡಬೇಕಾದ ಕೆಳಹಂತದ ಸಿಬ್ಬಂದಿಗೆ ಎಷ್ಟು ಬೀಳುತ್ತದೆ ಎಂದು ಬರೆಯಲು ಅಲ್ಲಿ ಜಾಗವೇ ಇಲ್ಲ.

ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿಯನ್ನು ಮನಸಾರೆ ಸ್ವಾಗತಿಸಿದವನು ನಾನು. ಆದರೆ ಚಿಕ್ಕಪೇಟೆಯ ಯಾವುದಾದರೂ ಓಣಿಯಲ್ಲಿ ನಿಂತು ತಲೆಯೆತ್ತಿ ನೋಡಿ: ಫಲಕದ ಮೇಲೆ ಫಲಕ, ಅದಕ್ಕೆ ಅಡ್ಡವಾಗಿ ಇನ್ನೊಂದು. ಆ ಅರವತ್ತನ್ನು ಅಳೆಯುವವರು ಯಾರು, ಅಳೆಯಬೇಕಾದದ್ದು ಅಕ್ಷರವನ್ನೋ ಜಾಗವನ್ನೋ, ಊರಿಗೆಲ್ಲ ಎಷ್ಟು ಜನ ಬೇಕು? ಇವು ಕರಡು ಬರೆಯುವಾಗಲೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು.

ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ವಿಧೇಯಕದ ಕಥೆ ಇನ್ನೂ ವಿಚಿತ್ರ. 2024ರ ಜುಲೈಯಲ್ಲಿ ಸಂಪುಟ ಒಪ್ಪಿತು. ಉದ್ಯಮಗಳಿಂದ ಕೂಗು ಎದ್ದದ್ದೇ ತಡ, ವಾರ ತುಂಬುವ ಮೊದಲೇ ತಡೆಹಿಡಿಯಲಾಯಿತು. ಮೀಸಲಾತಿ ಬೇಕೋ ಬೇಡವೋ ಎಂಬ ವಾದ ಇಲ್ಲಿ ಬೇಡ. ಯಾವ ವಲಯದಲ್ಲಿ ಎಷ್ಟು ಹುದ್ದೆ, ಅವುಗಳಿಗೆ ತಕ್ಕ ತರಬೇತಿ ಪಡೆದವರು ಎಷ್ಟು ಎಂಬ ಲೆಕ್ಕ ಸಂಪುಟದ ತೀರ್ಮಾನಕ್ಕೆ ಮೊದಲೇ ಜನರ ಮುಂದೆ ಇದ್ದಿದ್ದರೆ ಸರ್ಕಾರ ಹೀಗೆ ಮುಜುಗರಪಡಬೇಕಿರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಗಿಗ್ ಕಾರ್ಮಿಕರ (ಆ್ಯಪ್‌ಗಳ ಮೂಲಕ ಸಿಗುವ ಡೆಲಿವರಿ, ಟ್ಯಾಕ್ಸಿಯಂಥ ಕೆಲಸ ಮಾಡುವವರ) ವಿಧೇಯಕದ ಕರಡನ್ನು ಪ್ರಕಟಿಸಿ ಆಕ್ಷೇಪಣೆ ಕರೆಯಲಾಗಿತ್ತು. ಎಲ್ಲರೂ ಒಪ್ಪಿದರೆಂದಲ್ಲ, ಆದರೆ ಜಗಳ ಮೊದಲೇ ನಡೆಯಿತು. 2025ರಲ್ಲಿ ಕಾಯ್ದೆಯೂ ಆಯಿತು.

ಕೇಂದ್ರ ಸರ್ಕಾರ 2014ರಲ್ಲೇ ಶಾಸನಪೂರ್ವ ಸಮಾಲೋಚನಾ ನೀತಿ ರೂಪಿಸಿದೆ. ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು, ಪರಿಸರ, ಮೂಲಭೂತ ಹಕ್ಕುಗಳು ಮತ್ತು ಬಾಧಿತರ ಜೀವನೋಪಾಯದ ಮೇಲಾಗುವ ಪರಿಣಾಮದ ಅಂದಾಜನ್ನೂ ಕೊಡಬೇಕು ಎನ್ನುತ್ತದೆ ಅದು. ಕಾನೂನಲ್ಲ, ಬರೀ ನೀತಿ. ಹಾಗಾಗಿ ದೆಹಲಿಯಲ್ಲೇ ಅದರ ಪಾಲನೆ ಅಷ್ಟಕ್ಕಷ್ಟೆ.

ನಮ್ಮಲ್ಲಿ ದಪ್ಪ ವರದಿಗಳೇನೂ ಬೇಡ. ಕರಡು ಸಿದ್ಧಪಡಿಸುವ ಇಲಾಖೆಯೇ ಎರಡು ಪುಟದ ಅಂದಾಜನ್ನು ಸಂಪುಟದ ಟಿಪ್ಪಣಿಯೊಂದಿಗೆ ಕಳುಹಿಸಲಿ, ವಿಧೇಯಕದ ಜತೆ ಸದನದಲ್ಲಿಯೂ ಇಡಲಿ. ಬ್ರಿಟನ್‌ನಲ್ಲಿ ಕಾಯ್ದೆಯಾದ ಮೂರರಿಂದ ಐದು ವರ್ಷದೊಳಗೆ ಇಲಾಖೆ ಅದರ ಫಲವನ್ನು ಸಂಸದೀಯ ಸಮಿತಿಗೆ ತಿಳಿಸುವ ಪದ್ಧತಿ ಇದೆ. ಅದನ್ನೂ ಇಲ್ಲಿಗೆ ತರಬಹುದು. ಮುಂದಿನ ಅಧಿವೇಶನದಿಂದಲೇ ಆರಂಭಿಸಲು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಒಂದು ಸುತ್ತೋಲೆ ಸಾಕು.

– ಒಬ್ಬ ಓದುಗ, ರಾಜಾಜಿನಗರ, ಬೆಂಗಳೂರು