ಎಚ್ಚರದಲ್ಲಿರುವವರ ಹೊಣೆ: ಅಬಕಾರಿ ಸಚಿವರಿಗೆ ಹುಬ್ಬಳ್ಳಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಅಬಕಾರಿ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು ಇವರಿಗೆ

ಮಾನ್ಯರೇ,

ನಾನು ಹುಬ್ಬಳ್ಳಿಯ ಒಂದು ಬಾರ್ ಆ್ಯಂಡ್ ರೆಸ್ಟೋರೆಂಟಿನಲ್ಲಿ ಹತ್ತೊಂಬತ್ತು ವರ್ಷ ಗಲ್ಲಾದ ಹಿಂದೆ ಕುಳಿತು ಲೆಕ್ಕ ಬರೆದವನು. ಮದ್ಯದ ಸಗಟು ವ್ಯಾಪಾರ ನಡೆಸುವ ಸರ್ಕಾರಿ ಪಾನೀಯ ನಿಗಮದ ಡಿಪೋದಿಂದ ಬಂದ ಪೆಟ್ಟಿಗೆಗಳನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸುವುದು, ರಾತ್ರಿ ಉಳಿದ ಬಾಟಲಿಗಳನ್ನು ಎಣಿಸಿ ಆ ದಿನದ ವ್ಯಾಪಾರಕ್ಕೆ ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ಆ ಸಂಬಳದಲ್ಲಿಯೇ ನನ್ನ ಇಬ್ಬರು ಮಕ್ಕಳು ಓದಿದರು. ಮದುವೆ-ಮುಂಜಿಯ ಹೊತ್ತಿನಲ್ಲಿ ಗೆಳೆಯರ ಜೊತೆ ನಾನೂ ಒಂದೆರಡು ಪೆಗ್ ತೆಗೆದುಕೊಳ್ಳುವುದುಂಟು. ಆದ್ದರಿಂದ ರಾಜ್ಯದಲ್ಲಿ ಮದ್ಯವನ್ನೇ ನಿಲ್ಲಿಸಿರಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಬಾರು-ಪಬ್ಬುಗಳ ಒಳಗೆ ಕುಡಿತದ, ಅದಕ್ಕಿಂತ ಮುಖ್ಯವಾಗಿ ಸಿಗರೇಟಿನ ಹೊಗೆಯ ಮಟ್ಟಿಗೆ ‘ಅವರವರ ಜವಾಬ್ದಾರಿ ಅವರವರದು’ ಎಂಬ ಮಾತು ಎಲ್ಲಿಯವರೆಗೆ ನಿಜ, ಎಲ್ಲಿಂದ ಮುಂದೆ ಅದು ಉಳಿದವರೆಲ್ಲ ಕೈತೊಳೆದುಕೊಳ್ಳುವ ಮಾತಾಗುತ್ತದೆ ಎಂಬುದನ್ನು ನಾನು ಕಂಡಷ್ಟು ತಮ್ಮ ಮುಂದೆ ಇಡಬೇಕೆಂದು ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ವಾರಕ್ಕೆ ಮೂರು ದಿನ ಬರುತ್ತಿದ್ದ ಒಬ್ಬ ಗಿರಾಕಿ ಇದ್ದರು. ಒಳ್ಳೆಯ ಮನುಷ್ಯ. ಬಿಲ್ಲಿನಲ್ಲಿ ಹತ್ತು ರೂಪಾಯಿ ತಪ್ಪಿ ಕಡಿಮೆಯಾಗಿದ್ದರೂ ತಾವೇ ಹೇಳಿ ಸರಿಮಾಡಿಸುತ್ತಿದ್ದರು. ಒಂದು ರಾತ್ರಿ ಅವರು ಎದ್ದು ನಿಂತಾಗ ಕಾಲು ನಿಲ್ಲುತ್ತಿರಲಿಲ್ಲ. ನಮ್ಮ ಸಪ್ಲಾಯರ್ ಹುಡುಗ ಹತ್ತಿರ ಹೋಗಿ, “ಅಣ್ಣಾರ, ಗಾಡಿ ಇಲ್ಲೇ ಇರಲಿ, ನಾಳೆ ಬಂದು ಒಯ್ಯಿರಿ, ಆಟೋ ಕರೀತೀನಿ” ಎಂದ. ಅವರು ಅವನ ಕೈಯನ್ನು ಸರಿಸಿ, “ನನ್ನ ಜವಾಬ್ದಾರಿ ನನಗ ಗೊತ್ತೈತಿ” ಎಂದರು. ಆ ರಾತ್ರಿ ಮನೆ ಮುಟ್ಟಿದರು. ಕೆಲವು ತಿಂಗಳ ನಂತರ ಅಂಥದೇ ಇನ್ನೊಂದು ರಾತ್ರಿ ಗೋಕುಲ ರೋಡಿನಲ್ಲಿ ಅವರ ಗಾಡಿ, ತಳ್ಳುಗಾಡಿ ನೂಕಿಕೊಂಡು ಮನೆಗೆ ಹೊರಟಿದ್ದ ಒಬ್ಬ ಹಣ್ಣಿನ ವ್ಯಾಪಾರಿಗೆ ಬಡಿಯಿತು. ಕಾಲು ಮುರಿದುಕೊಂಡವನು ಆ ದಿನ ಚಹಾ ಬಿಟ್ಟು ಬೇರೇನನ್ನೂ ಕುಡಿದಿರದಿದ್ದ ಆ ವ್ಯಾಪಾರಿ.

ಅಂದಿನಿಂದ ಈ ಮಾತು ನನ್ನನ್ನು ಕಾಡುತ್ತಿದೆ. ಆ ಗಿರಾಕಿ ಸುಳ್ಳು ಹೇಳಿರಲಿಲ್ಲ, ಉಡಾಫೆಯನ್ನೂ ಮಾಡಿರಲಿಲ್ಲ. ತಮ್ಮ ಜವಾಬ್ದಾರಿ ತಮಗೆ ಗೊತ್ತಿದೆ ಎಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು. ಮದ್ಯ ಮನುಷ್ಯನಲ್ಲಿ ಮೊದಲು ಮಂಕಾಗಿಸುವುದು ತಾನು ಎಷ್ಟು ಮಂಕಾಗಿದ್ದೇನೆ ಎಂದು ಅಳೆಯುವ ಬುದ್ಧಿಯನ್ನೇ. ಮೋಟಾರು ವಾಹನ ಕಾಯ್ದೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಗೆರೆ ಎಳೆದಿದೆ. ಅದನ್ನು ದಾಟಿ ಗಾಡಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಆದರೆ ಮೂರನೆಯ ಪೆಗ್ ಮುಂದಿಟ್ಟುಕೊಂಡು ಕುಳಿತವನಿಗೆ ಆ ಗೆರೆ ಎಲ್ಲಿದೆ ಎಂದು ಕಾಣುವುದಿಲ್ಲ. ಹೀಗಾಗಿ ಕುಡಿಯುವವನ ಜವಾಬ್ದಾರಿ ನಿಜವಾಗಿ ಇರುವುದು ಮೊದಲ ಗ್ಲಾಸಿಗಿಂತ ಮುಂಚೆ, ಗಾಡಿಯ ಕೀಲಿಯನ್ನು ಮನೆಯಲ್ಲಿ ಬಿಟ್ಟು ಬರುವ ಹೊತ್ತಿನಲ್ಲಿ. ಅದಾದ ಮೇಲಿನ ಹೊಣೆ ಆ ಕೋಣೆಯಲ್ಲಿ ಎಚ್ಚರವಾಗಿರುವವರದು: ಬಡಿಸುವವನದು, ಗಲ್ಲಾದಲ್ಲಿ ಕುಳಿತವನದು, ಲೈಸೆನ್ಸ್ ಪಡೆದ ಮಾಲೀಕರದು, ಆ ಲೈಸೆನ್ಸ್ ಕೊಟ್ಟ ಸರ್ಕಾರದ್ದು. ಆ ರಾತ್ರಿ ಎಚ್ಚರವಾಗಿದ್ದವರಲ್ಲಿ ನಾನೂ ಒಬ್ಬನಾಗಿದ್ದೆ, ಬಿಲ್ಲು ಮಾಡಿಕೊಟ್ಟವನು ನಾನೇ.

ಆದರೆ ಎಚ್ಚರವಾಗಿರುವವನ ಕೈಯಲ್ಲಿ ಇವತ್ತು ಏನೂ ಇಲ್ಲ. ಸಾಕು ಎಂದು ಸಪ್ಲಾಯರ್ ಹೇಳಿದರೆ ಗಿರಾಕಿ ಕೂಗಾಡುತ್ತಾನೆ, ಮಾಲೀಕರು ಗಿರಾಕಿಯ ಪರ ನಿಲ್ಲುತ್ತಾರೆ, ಹುಡುಗ ಆ ದಿನದ ಟಿಪ್ಸ್ ಕಳೆದುಕೊಳ್ಳುತ್ತಾನೆ. ಅಮಲೇರಿದವನಿಗೆ ಮತ್ತೆ ಬಡಿಸಲು ನಿರಾಕರಿಸಿದ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂಬುದು ಲೈಸೆನ್ಸಿನ ಷರತ್ತಾಗಲಿ. ಆ ಷರತ್ತು ದೊಡ್ಡ ಅಕ್ಷರದ ಕನ್ನಡದಲ್ಲಿ ಪ್ರತಿ ಬಾರಿನ ಗೋಡೆಯ ಮೇಲಿರಲಿ. ಆಗ ಹುಡುಗ ಗಿರಾಕಿಯ ಜೊತೆ ವಾದಕ್ಕಿಳಿಯಬೇಕಾಗಿಲ್ಲ, ಬೆರಳು ತೋರಿಸಿದರೆ ಸಾಕು.

ಇನ್ನು ಹೊಗೆಯ ವಿಷಯ. ಈ ಪತ್ರಕ್ಕೆ ಮುಖ್ಯ ಕಾರಣವೇ ಅದು. ಮದ್ಯದ ಮಟ್ಟಿಗೆ ‘ನನ್ನ ದೇಹ, ನನ್ನ ಇಷ್ಟ’ ಎಂಬ ವಾದಕ್ಕೆ ಗಿರಾಕಿ ರಸ್ತೆಗೆ ಇಳಿಯುವವರೆಗಾದರೂ ಸ್ವಲ್ಪ ಜಾಗವಿದೆ. ಸಿಗರೇಟಿನ ಮಟ್ಟಿಗೆ ಮುಚ್ಚಿದ ಎಸಿ ಹಾಲಿನಲ್ಲಿ ಆ ವಾದಕ್ಕೆ ಒಂದು ಕ್ಷಣವೂ ಜಾಗವಿಲ್ಲ, ಯಾಕೆಂದರೆ ಅಲ್ಲಿ ಒಬ್ಬ ಬಿಟ್ಟ ಹೊಗೆಯನ್ನು ಇನ್ನೊಬ್ಬ ಉಸಿರಾಡಲೇಬೇಕು. ನಮ್ಮಲ್ಲಿ ಕುಂದಗೋಳ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಒಬ್ಬ ಸಪ್ಲಾಯರ್ ಇದ್ದ. ಬೀಡಿ, ಸಿಗರೇಟು, ಗುಟ್ಕಾ ಯಾವುದನ್ನೂ ಮುಟ್ಟಿದವನಲ್ಲ. ದಿನಕ್ಕೆ ಎಂಟು-ಒಂಬತ್ತು ತಾಸು ಆ ಹಾಲಿನಲ್ಲಿ ಟ್ರೇ ಹಿಡಿದು ಓಡಾಡುತ್ತಿದ್ದ. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಾದ ಕಿಮ್ಸ್‌ಗೆ ಕರೆದುಕೊಂಡು ಹೋದಾಗ ವೈದ್ಯರು ಎದೆ ಪರೀಕ್ಷಿಸಿ ಕೇಳಿದ ಮೊದಲ ಪ್ರಶ್ನೆ, “ದಿನಕ್ಕೆ ಎಷ್ಟು ಸೇದತಿ?” ಎಂಬುದಾಗಿತ್ತು. ಅವನು ನನ್ನ ಮುಖ ನೋಡಿದ. ಹೊಗೆ ಸಹಿಸದ ಗಿರಾಕಿ ಎದ್ದು ಬೇರೆ ಬಾರಿಗೆ ಹೋಗಬಲ್ಲ. ಊರಿನಲ್ಲಿ ಒಂದೂವರೆ ಎಕರೆ ಮಳೆಯಾಶ್ರಿತ ಹೊಲ ಇಟ್ಟುಕೊಂಡು ಇಲ್ಲಿ ದುಡಿಯಲು ಬಂದವನು ಎಲ್ಲಿಗೆ ಹೋಗಬೇಕು? ಬೇರೆಯವರ ಹೊಗೆಯಿಂದಲೇ ಜಗತ್ತಿನಲ್ಲಿ ವರ್ಷಕ್ಕೆ 12 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಆ ಸಂಖ್ಯೆಯನ್ನು ಓದಿದಾಗಲೆಲ್ಲ ನನಗೆ ಅವನ ಆ ನೋಟ ನೆನಪಾಗುತ್ತದೆ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆಯಡಿ ರೂಪಿಸಿದ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. 30 ಅಥವಾ ಹೆಚ್ಚು ಆಸನಗಳಿರುವ ರೆಸ್ಟೋರೆಂಟು ಪ್ರತ್ಯೇಕ ಧೂಮಪಾನದ ಕೋಣೆಯನ್ನು ಇಟ್ಟುಕೊಳ್ಳಬಹುದು. ಆದರೆ ಆ ಕೋಣೆಗೆ ನಾಲ್ಕೂ ಕಡೆ ಪೂರ್ತಿ ಎತ್ತರದ ಗೋಡೆ ಇರಬೇಕು, ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಬೇಕು, ಹೊಗೆ ನೇರವಾಗಿ ಕಟ್ಟಡದ ಹೊರಗೆ ಹೋಗಬೇಕು, ಮತ್ತು ಬಹುಮುಖ್ಯವಾಗಿ, ಅಲ್ಲಿ ಸೇದುವುದನ್ನು ಬಿಟ್ಟು ಬೇರಾವ ಸೇವೆಯನ್ನೂ ಒದಗಿಸುವಂತಿಲ್ಲ. ಅಂದರೆ ಸಪ್ಲಾಯರ್ ಆ ಕೋಣೆಯೊಳಗೆ ಟ್ರೇ ಹಿಡಿದು ಹೋಗುವಂತೆಯೇ ಇಲ್ಲ. ನಾನು ಕಂಡ ‘ಸ್ಮೋಕಿಂಗ್ ಝೋನ್’ಗಳಲ್ಲಿ ಟೇಬಲ್ಲು, ಟಿವಿ, ಬಿಯರು, ಶೇಂಗಾ ಮಸಾಲೆ ಎಲ್ಲವೂ ಇದ್ದವು, ಗೋಡೆ ಮಾತ್ರ ಇರಲಿಲ್ಲ. ಧೂಮಪಾನ ನಿಷಿದ್ಧವಾದ ಜಾಗದಲ್ಲಿ ಆ್ಯಷ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡಕೂಡದು ಎಂದೂ ಅದೇ ನಿಯಮಗಳಲ್ಲಿದೆ. ಅದಕ್ಕೆ ನಮ್ಮಲ್ಲಿ ಕಂಡುಕೊಂಡ ದಾರಿ ಸುಲಭದ್ದು: ನೀರು ಹಾಕಿದ ಪೇಪರ್ ಕಪ್ಪು.

ವ್ಯಾಪಾರ ಬಿದ್ದುಹೋಗುತ್ತದೆ ಎಂಬ ಮಾಲೀಕರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಅವರ ವ್ಯಾಪಾರದಿಂದಲೇ ನನ್ನ ಸಂಬಳ ಬರುತ್ತಿತ್ತು. ಆದರೆ 2008ರಲ್ಲಿ ನಿಯಮ ಹೊಸದಾಗಿ ಬಂದಾಗ ಕೆಲವು ವಾರ ನಮ್ಮಲ್ಲಿ ಅದನ್ನು ನಿಜವಾಗಿಯೂ ಪಾಲಿಸಿದ್ದೆವು. ಗಿರಾಕಿಗಳು ಗೊಣಗುತ್ತಲೇ ಹೊರಗೆ ಹೋಗಿ ಸೇದಿ ಬಂದು ಮತ್ತೆ ಕೂರುತ್ತಿದ್ದರು. ಆ ವಾರಗಳ ಲೆಕ್ಕವನ್ನು ನನ್ನ ಕೈಯಾರೆ ಬರೆದಿದ್ದೇನೆ. ವ್ಯಾಪಾರ ಬೀಳಲಿಲ್ಲ, ಫ್ಯಾಮಿಲಿ ರೂಮಿನ ಊಟದ ಬಿಲ್ಲು ಹಿಂದಿಗಿಂತ ತುಸು ಏರಿತ್ತು ಕೂಡ. ನಿಯಮ ಸಡಿಲಾದದ್ದು ನಷ್ಟದಿಂದಲ್ಲ, ಪಕ್ಕದ ಬಾರಿನಲ್ಲಿ ಬಿಡುತ್ತಿದ್ದಾರೆ ಎಂಬ ಸುದ್ದಿಯಿಂದ. ಎಲ್ಲರಿಗೂ ಒಂದೇ ಸಮನಾಗಿ ಅನ್ವಯಿಸಿದರೆ ಮಾಲೀಕರಿಗೂ ಹೆದರಲು ಕಾರಣವಿರುವುದಿಲ್ಲ.

ರಾಜ್ಯ ಸರ್ಕಾರ 2024ರ ತಿದ್ದುಪಡಿಯಲ್ಲಿ ಸಾರ್ವಜನಿಕ ಧೂಮಪಾನದ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು, ತಂಬಾಕು ಮಾರಾಟದ ವಯಸ್ಸನ್ನು 18ರಿಂದ 21ಕ್ಕೆ ಒಯ್ದಿತು, ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು ಎಂದಿತು. ಇದನ್ನು ನಾನು ಮನಃಪೂರ್ವಕ ಸ್ವಾಗತಿಸುತ್ತೇನೆ. ಆದರೆ ಹುಕ್ಕಾದ ಹೊಗೆಗೆ ಜೈಲು ಇರುವಾಗ, ಅದೇ ಕೋಣೆಯಲ್ಲಿ ಮೂವತ್ತು ಜನ ಸಿಗರೇಟು ಸೇದಿದರೆ ಅದು ಆ ಮೂವತ್ತು ಜನರ ವೈಯಕ್ತಿಕ ತಪ್ಪು ಮಾತ್ರ ಎಂಬಂತೆ ನಡೆದುಕೊಳ್ಳುವುದು ಸರಿಯಲ್ಲ. ದೂರು ಬಂದರೂ ಕ್ರಮ ಕೈಗೊಳ್ಳದ ಮಾಲೀಕರು ಅಲ್ಲಿ ನಡೆದ ಪ್ರತಿಯೊಂದು ತಪ್ಪಿಗೂ ದಂಡ ತೆರಬೇಕು ಎಂದು 2008ರ ನಿಯಮಗಳೇ ಹೇಳುತ್ತವೆ. ಆ ಸಾಲನ್ನು ಜಾರಿಗೆ ತರುವುದಷ್ಟೇ ಉಳಿದಿದೆ.

ಇಲ್ಲಿಯೇ ತಮ್ಮ ಇಲಾಖೆಯ ಪಾತ್ರ ಬರುತ್ತದೆ. 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರವೆಲ್ಲ ಸರ್ಕಾರದ್ದೇ ಆದ ಪಾನೀಯ ನಿಗಮದ ಮೂಲಕ ನಡೆಯುತ್ತಿದೆ. ಯಾವ ಬಾರಿಗೆ ಯಾವ ದಿನ ಎಷ್ಟು ಪೆಟ್ಟಿಗೆ ಹೋಯಿತು ಎಂಬುದು ಸರ್ಕಾರಕ್ಕೆ ಗೊತ್ತು. ನಮ್ಮಲ್ಲಿ ತಪಾಸಣೆಗೆ ಬಂದವರು ನನ್ನ ರಿಜಿಸ್ಟರಿನಲ್ಲಿ ಒಂದು ಕ್ವಾರ್ಟರ್ ಬಾಟಲಿ ವ್ಯತ್ಯಾಸ ಬಂದರೂ ಹಿಡಿಯುತ್ತಿದ್ದರು. ಅವರು ಆ ಪುಟಗಳನ್ನು ತಿರುವುವಾಗ ಪಕ್ಕದ ಟೇಬಲ್ಲಿನಿಂದ ಏಳುತ್ತಿದ್ದ ಹೊಗೆಯ ಬಗ್ಗೆ ಮಾತ್ರ ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟುಕೊಂಡ ಸರ್ಕಾರ, ಆ ಹಣವನ್ನು ಟ್ರೇಯಲ್ಲಿ ಹೊತ್ತು ತರುವವನ ಎದೆಗೂಡಿನ ಬಗ್ಗೆ ತನಗೆ ಸಂಬಂಧವಿಲ್ಲ ಎನ್ನಲಾಗದು.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ವರ್ಷ ಜುಲೈ 1ಕ್ಕೆ ಲೈಸೆನ್ಸುಗಳು ನವೀಕರಣವಾಗುತ್ತವೆ. ಆ ನವೀಕರಣದ ಕಾಗದಗಳಲ್ಲಿ ಇನ್ನೊಂದು ಕಾಗದ ಸೇರಲಿ: ಈ ಬಾರಿನಲ್ಲಿ ಧೂಮಪಾನವಿಲ್ಲ, ಅಥವಾ ಇದ್ದರೆ ನಿಯಮದಲ್ಲಿ ಹೇಳಿದಂಥ ಕೋಣೆಯಿದೆ ಎಂದು ಪಾಲಿಕೆಯ ಆರೋಗ್ಯ ವಿಭಾಗ ಕಣ್ಣಾರೆ ನೋಡಿ ಕೊಟ್ಟ ಪತ್ರ. ಸಾವಿರ ರೂಪಾಯಿ ದಂಡವನ್ನು ನಗುತ್ತ ಕಟ್ಟುವ ಮಾಲೀಕರು ಲೈಸೆನ್ಸ್ ಎಂದರೆ ನಿದ್ದೆಗೆಡುತ್ತಾರೆ. ಇದನ್ನು ಗಲ್ಲಾದ ಹಿಂದೆ ಕುಳಿತು ಬಲ್ಲೆ.

ಧಾರವಾಡದ ಸಪ್ತಾಪುರದ ಬಗ್ಗೆಯೂ ಒಂದು ಮಾತು ಹೇಳಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಬಂದ ಹುಡುಗರು ಅಲ್ಲಿದ್ದಾರೆ. ಅಂಥ ಹರೆಯದವರ ಮಟ್ಟಿಗೆ, ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಪ್ರಸ್ತಾವವನ್ನು ಅಂದಿನ ಸರ್ಕಾರ 2023ರ ಜನವರಿಯಲ್ಲಿ ವಿರೋಧ ಬಂದ ಮೇಲೆ ಕೈಬಿಟ್ಟದ್ದು ಒಳ್ಳೆಯದಾಯಿತು. ಆದರೆ ವಯಸ್ಸಿನ ದಾಖಲೆ ಕೇಳುವ ರೂಢಿಯೇ ಇಲ್ಲದಿದ್ದರೆ 21 ಎಂಬುದು ಬರಿಯ ಅಂಕಿಯಾಗಿ ಉಳಿಯುತ್ತದೆ.

ಇಷ್ಟನ್ನು ಕೇಳುವಾಗ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದದ್ದನ್ನು ಈ ರಾಜ್ಯ ಮರೆತಿಲ್ಲ. ಯಾರು ಯಾರ ಜೊತೆ ಕೂತರು, ಏನು ಉಟ್ಟರು ಎಂದು ನೋಡುವುದು ನಿಯಂತ್ರಣವಲ್ಲ, ದೌರ್ಜನ್ಯ. ಅಂಥವರ ಕೈಗೆ ನನ್ನ ಈ ಪತ್ರ ಆಯುಧವಾಗಬಾರದು. ಪಬ್ಬಿನಲ್ಲಿ ಕೂತು ಬಿಯರ್ ಕುಡಿಯುವ ಹೆಣ್ಣುಮಗಳಿಗೂ ನನ್ನ ಸಪ್ಲಾಯರ್ ಹುಡುಗನಿಗೂ ಬೇಕಾಗಿರುವುದು ಒಂದೇ, ಶುದ್ಧ ಗಾಳಿ ಮತ್ತು ಸುರಕ್ಷಿತವಾಗಿ ಮನೆ ಮುಟ್ಟುವ ದಾರಿ. ಆ ದಾರಿಯ ಮಟ್ಟಿಗೆ ಸಾರಿಗೆ ಸಚಿವರೊಂದಿಗೆ ತಾವು ಮಾತನಾಡಬಹುದು. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 20 ಕಿಲೋಮೀಟರ್ ಇದೆ, ಅದಕ್ಕೆಂದೇ ಕಟ್ಟಿದ ಚಿಗರಿ ಬಸ್ಸಿನ ಮಾರ್ಗವಿದೆ. ಬಾರುಗಳು ಮುಚ್ಚಿದ ನಂತರ ಒಂದು ತಾಸಿನವರೆಗೆ ಆ ಬಸ್ಸು ಖಚಿತವಾಗಿ ಸಿಗುವಂತಿದ್ದರೆ ಗಾಡಿಯ ಕೀಲಿ ಮನೆಯಲ್ಲಿ ಬಿಟ್ಟು ಬನ್ನಿ ಎಂದು ಗಿರಾಕಿಗೆ ಹೇಳಲು ನಮಗೂ ಬಾಯಿ ಬರುತ್ತದೆ.

ಚಳಿಗಾಲದ ಅಧಿವೇಶನಕ್ಕೆಂದು ಬೆಳಗಾವಿಗೆ ಬರುವಾಗ ದಯವಿಟ್ಟು ಒಂದು ರಾತ್ರಿ ಹುಬ್ಬಳ್ಳಿಯಲ್ಲಿ ಉಳಿಯಿರಿ. ಮುಂಚಿತವಾಗಿ ಯಾರಿಗೂ ತಿಳಿಸದೆ, ಬೆಂಗಾವಲಿನ ವಾಹನಗಳಿಲ್ಲದೆ, ರಾತ್ರಿ ಒಂಬತ್ತರ ಹೊತ್ತಿಗೆ ಯಾವುದಾದರೂ ಒಂದು ಬಾರಿನ ಎಸಿ ಹಾಲಿನಲ್ಲಿ ಅರ್ಧ ತಾಸು ಕುಳಿತುಕೊಳ್ಳಿರಿ. ಮಾಲೀಕರನ್ನು ಆಮೇಲೆ ಮಾತನಾಡಿಸಿದರಾಯಿತು. ಮೊದಲು ನೀರಿನ ಬಾಟಲಿ ತಂದಿಟ್ಟ ಹುಡುಗನನ್ನು, ಇಲ್ಲಿ ಕೆಲಸಕ್ಕೆ ಸೇರಿ ಎಷ್ಟು ವರ್ಷವಾಯಿತು, ರಾತ್ರಿ ಕೆಮ್ಮು ಬರುತ್ತದೆಯೇ ಎಂದು ಕೇಳಿರಿ.

ಇಂತಿ ತಮ್ಮ ವಿಶ್ವಾಸಿ,
ಬಾರೊಂದರ ನಿವೃತ್ತ ಲೆಕ್ಕಿಗ,
ಹಳೇ ಹುಬ್ಬಳ್ಳಿ